ಅಂಗಳದ ಬಾವಿ, ಅಂಗಳದ ಕಾರು

ಮಹಾನವಮಿಯ ಮುನ್ನಾ ದಿನ ಸಂಜೆ ಸಾಲಿಗ್ರಾಮದ ಪೇಟೆಯಿಂದ ಪಾರಂಪಳ್ಳಿಯ ದಾರಿ ಹಿಡಿದು ನಡೆದರೆ, ಎರಡೂ ಬದಿಯ ಮನೆಗಳ ಅಂಗಳದಲ್ಲಿ ಒಂದೇ ಕೆಲಸ ನಡೆದಿರುವುದು ಕಾಣುತ್ತದೆ. ಬಕೆಟ್ಟು, ರಬ್ಬರ್ ಕೊಳವೆ, ಹಳೆಯ ಬನಿಯನ್ನಿನ ತುಂಡು, ಒಂದು ಹಿಡಿ ಸೋಪಿನ ಪುಡಿ. ಕಾರು, ಬೈಕು, ಆಟೋರಿಕ್ಷಾ, ಗದ್ದೆ ಉಳುವ ಟಿಲ್ಲರು, ಎಲ್ಲಕ್ಕೂ ಅಂದು ಅಭ್ಯಂಜನ. ಮರುದಿನ ಆಯುಧ ಪೂಜೆ. ಗಂಧ, ಕುಂಕುಮ, ಹೂವಿನ ಮಾಲೆ, ಚಕ್ರದಡಿಗೆ ಲಿಂಬೆಹಣ್ಣು. ಬೆಂಗಳೂರಿನಿಂದ ಹಬ್ಬಕ್ಕೆ ಬಂದವರ ಕಾರಾದರೆ ಅದಕ್ಕೆ ಘಟ್ಟದ ಧೂಳೂ ಸೇರಿರುತ್ತದೆ. ತೊಳೆದ ನೀರು ಬೂದು ಬಣ್ಣಕ್ಕೆ ತಿರುಗಿ, ಮೇಲೊಂದು ಕಾಮನಬಿಲ್ಲಿನ ತೆಳು ಪೊರೆ ಹೊತ್ತು, ಅಂಗಳದ ಇಳಿಜಾರಿನಲ್ಲಿ ಹರಿದು ಎಲ್ಲೋ ಇಂಗುತ್ತದೆ. ಇಂಗಿದ ಜಾಗದಿಂದ ಹತ್ತು ಹದಿನೈದು ಹೆಜ್ಜೆಗೆ ಮನೆಯ ಬಾವಿ.

ಓದುಗ ಮಿತ್ರರೇ, ಜಲಮಾಲಿನ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಕೊಳವೆ. ಆ ಬಗೆಯ ದೊಡ್ಡ ಮಾಲಿನ್ಯದ ಕುರಿತು ಎಚ್ಚರ ಈ ಸೀಮೆಗೆ ಹೊಸತಲ್ಲ. ಪಕ್ಕದ ಕೋಟದಲ್ಲಿ 1902ರಲ್ಲಿ ಹುಟ್ಟಿ, ಬಾಳಿನ ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದ ಡಾ. ಶಿವರಾಮ ಕಾರಂತರು 1989ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಲೋಕಸಭೆಗೆ ಸ್ಪರ್ಧಿಸಿದ್ದರು. ಕೈಗಾ ಅಣುಸ್ಥಾವರದ ವಿರುದ್ಧ ಅವರು ಎತ್ತಿದ ದನಿ ನಾಡಿಗೆಲ್ಲ ಕೇಳಿಸಿತು. ಅಂಥ ಹೋರಾಟದಲ್ಲಿ ಎದುರಾಳಿ ಯಾರೆಂಬುದು ಸ್ಪಷ್ಟ. ಅಂಗಳದಲ್ಲಿ ಕಾರು ತೊಳೆಯುವ ವಿಚಾರದಲ್ಲಿ ನೀರು ಕೆಡಿಸುವವನೂ ಕುಡಿಯುವವನೂ ಒಬ್ಬನೇ ಆದ್ದರಿಂದ ದೂರು ಕೊಡುವವರು ಯಾರೂ ಇಲ್ಲ. ಈ ಸಣ್ಣ ಮಾಲಿನ್ಯ ನಮ್ಮಲ್ಲಿಗೆ ಹೇಗೆ ಬಂತು ಎಂಬುದಕ್ಕೂ ಒಂದು ಚರಿತ್ರೆಯಿದೆ.

ಮೊದಲು ನೆಲದ ಮಾತು. ಸಾಲಿಗ್ರಾಮದ ಪಡುಬದಿಯಲ್ಲಿ ಕಡಲ ದಂಡೆಯ ಮರಳು, ಮೂಡಲಿಗೆ ಸರಿದಂತೆ ಮುರಕಲ್ಲು. ಈ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದ ಬಳಿ ಅದನ್ನು ಕಂಡು, 1801ರ ಆರಂಭದಲ್ಲಿ ನಮ್ಮ ಕುಂದಾಪುರದ ದಾರಿಯಾಗಿಯೂ ಹಾದುಹೋಗಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಆ ಹೆಸರನ್ನು ಬಳಸಿದ. ಅಗೆಯುವಾಗ ಮೆದು, ಗಾಳಿಗೆ ಒಡ್ಡಿದರೆ ಗಟ್ಟಿ. ಅದಕ್ಕೇ ಮನೆ ಕಟ್ಟಲು ಹೇಳಿ ಮಾಡಿಸಿದ ಕಲ್ಲು. ಆದರೆ ಮೈತುಂಬ ತೂತು. ಮರಳೂ ಹಾಗೆಯೇ, ನೀರನ್ನು ತಡೆದು ನಿಲ್ಲಿಸುವ ಸ್ವಭಾವ ಅದರದ್ದಲ್ಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಆಷಾಢ, ಶ್ರಾವಣಕ್ಕೆ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ. ಮಹಾನವಮಿಯ ಹೊತ್ತಿಗೂ ಅದು ಬಹಳವೇನೂ ಇಳಿದಿರುವುದಿಲ್ಲ. ಅಂದರೆ ಅಂಗಳದ ಮೇಲ್ಮೈಗೂ ಕುಡಿಯುವ ನೀರಿಗೂ ಅಂತರ ಅತಿ ಕಡಿಮೆ ಇರುವ ಕಾಲದಲ್ಲೇ ಊರಿನ ವಾಹನಗಳೆಲ್ಲ ಒಟ್ಟಿಗೆ ಸ್ನಾನ ಮಾಡುತ್ತವೆ. ಇನ್ನು ಕಡಲಿನ ಹತ್ತಿರದ ಮನೆಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಒಂದು ಪದರ ಮಾತ್ರ. ಅದು ಕೆಟ್ಟರೆ ಇನ್ನೂ ಆಳಕ್ಕೆ ತೋಡಿಸುವ ದಾರಿಯೂ ಇಲ್ಲ, ಕೆಳಗಿರುವುದು ಉಪ್ಪು.

ಇಂಥ ನೆಲದಲ್ಲಿ ಬದುಕಿದವರು ಯಾವ ನೀರಿನಲ್ಲಿ ಏನನ್ನು ತೊಳೆಯಬೇಕು ಎಂಬುದಕ್ಕೆ ಕಟ್ಟುಪಾಡು ಮಾಡಿಕೊಂಡಿದ್ದರು. ಗುರು ನರಸಿಂಹ ದೇವಸ್ಥಾನದ ಶಂಖತೀರ್ಥ, ಚಕ್ರತೀರ್ಥಗಳು ದೇವರ ಕೆಲಸಕ್ಕೆ. ಮನೆಯ ಬಾವಿ ಅಡುಗೆಗೆ, ಕುಡಿಯುವುದಕ್ಕೆ. ಕೋಣ, ಎತ್ತುಗಳ ಮೈ ತಿಕ್ಕುವುದು ಮದಗದಲ್ಲಿ, ಇಲ್ಲವೆ ಗದ್ದೆಯ ಬದಿಯ ತೋಡಿನಲ್ಲಿ. ಬಚ್ಚಲ ನೀರು ಬಾಳೆಯ ಬುಡಕ್ಕೆ, ಕೆಸುವಿನ ಹಿಂಡಿಗೆ. ಈ ವ್ಯವಸ್ಥೆಯಲ್ಲಿ ಮಡಿ ಮೈಲಿಗೆಯ, ಜಾತಿಯ ಲೆಕ್ಕಾಚಾರವೂ ಬೆರೆತಿತ್ತು. ಎಲ್ಲರಿಗೂ ಎಲ್ಲ ಬಾವಿಯ ನೀರು ದಕ್ಕುತ್ತಿರಲಿಲ್ಲ ಎಂಬುದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಸರಿಯಲ್ಲ. ಹಳೆಯ ವಸ್ತುಗಳೆಲ್ಲ ನಿರಪಾಯವಾಗಿದ್ದವು ಎಂದೂ ಹೇಳಲಾಗದು. ಅಂಟುವಾಳದ ನೊರೆ ಮೀನಿಗೆ ವಿಷವೇ. ಆದರೆ ಬಂಡಿಯ ಅಚ್ಚಿಗೆ ಸವರುತ್ತಿದ್ದ ಹರಳೆಣ್ಣೆಯ ಕೀಲೆಣ್ಣೆಯಾಗಲಿ, ದೋಣಿಯ ಹಲಗೆಗೆ ಬಳಿಯುತ್ತಿದ್ದ ಮೀನೆಣ್ಣೆಯಾಗಲಿ, ಪಾತ್ರೆ ತಿಕ್ಕುತ್ತಿದ್ದ ಬೂದಿಯಾಗಲಿ ಮಣ್ಣಿಗೆ ಪರಿಚಿತವಾದ ಪದಾರ್ಥಗಳು. ಮಣ್ಣಿನ ಸೂಕ್ಷ್ಮಜೀವಿಗಳು ಅವನ್ನು ಬೇಗ ಕರಗಿಸಿಕೊಳ್ಳುತ್ತಿದ್ದವು.

ಮೋಟಾರು ಬಂದದ್ದು ದಕ್ಷಿಣದಿಂದ. ಆಗ ನಮ್ಮದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. 1914ರಲ್ಲಿ ಮಂಗಳೂರಿನಲ್ಲಿ ಸಿ.ಪಿ.ಸಿ. ಎಂದೇ ಹೆಸರಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯ ಬಸ್ಸುಗಳು ಓಡಲಾರಂಭಿಸಿದವು. ಕರಾವಳಿಯಲ್ಲಿ ಖಾಸಗಿ ಬಸ್ಸಿನ ಸಂಸ್ಕೃತಿಗೆ ಅದೇ ಬುನಾದಿ. ಆದರೆ ಬಸ್ಸು ಬಂದಷ್ಟು ಬೇಗ ಸೇತುವೆ ಬರಲಿಲ್ಲ. ಮಾಬುಕಳದಲ್ಲಿ ಸೀತಾ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ ಹೊಳೆ, ಕುಂದಾಪುರದಿಂದ ಬಡಗಲಿಗೆ ಹೋದರೆ ಪಂಚಗಂಗಾವಳಿ. ಈ ದಡದ ಬಸ್ಸು ಈ ದಡದಲ್ಲೇ ತಿರುಗಬೇಕು, ಜನ ದೋಣಿಯಲ್ಲಿ ದಾಟಿ ಆ ದಡದ ಬಸ್ಸು ಹತ್ತಬೇಕು. ಹೊಳೆಯ ದಡದಲ್ಲಿ ಬಸ್ಸು ಕಾಯುವ ಹೊತ್ತಿನಲ್ಲಿ ಅದನ್ನು ತೊಳೆಯುವ ಕೆಲಸ ಸಾಗುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಸ್ಸು, ಲಾರಿಗಳಲ್ಲಿ ಡ್ರೈವರ್, ಕಂಡಕ್ಟರರ ಜತೆಗೆ ಇರುತ್ತಿದ್ದ ಹುಡುಗನಿಗೆ ನಮ್ಮಲ್ಲಿ ಬಂದ ಹೆಸರೇ 'ಕ್ಲೀನರ್'. ರಾತ್ರಿ ತಂಗಿದ ಊರಿನಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಹೊಳೆ ಇಲ್ಲವೆ ಕೆರೆಯಿಂದ ನೀರು ಹೊತ್ತು ಬಸ್ಸು ತೊಳೆಯುವವನು ಅವನು. ಅವನ ಬೆನ್ನು ಬಾಗುತ್ತಿತ್ತು, ನಿಜ. ಹೊಳೆಗೆ ಆಗುತ್ತಿದ್ದ ಹಾನಿ ಹೆಚ್ಚಿರಲಾರದು, ವಾಹನಗಳೇ ಬೆರಳೆಣಿಕೆಯಷ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಕೆಲವು ಬಸ್ಸುಗಳು ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಅನಿಲದಲ್ಲೇ ಓಡಿದ್ದುಂಟು. ಆ ಬಸ್ಸುಗಳ ಕಸವೆಂದರೆ ಬೂದಿ.

ಮುಂದೆ ರಾಜ್ಯ ಪುನರ್ವಿಂಗಡಣೆಯಾಗಿ 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಸತ್ ಸದಸ್ಯರಾಗಿದ್ದ ಯು. ಶ್ರೀನಿವಾಸ ಮಲ್ಯರಂಥವರ ಪ್ರಯತ್ನದಿಂದ ಪಶ್ಚಿಮ ಕರಾವಳಿಯ ಹೆದ್ದಾರಿ ರೂಪುಗೊಂಡಿತು. ಹೊಳೆಗಳಿಗೆ ಸೇತುವೆ ಬಿದ್ದವು. ಆಗಿನ ರಾಷ್ಟ್ರೀಯ ಹೆದ್ದಾರಿ 17, ಈಗಿನ 66, ಸಾಲಿಗ್ರಾಮದ ಪೇಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಹಿಂದೆ ಪೆಟ್ಟಿಗೆ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದ ಯಕ್ಷಗಾನದ ಮೇಳಗಳು ಡೇರೆ, ಕುರ್ಚಿ, ವೇಷಗಳನ್ನು ಲಾರಿಗೆ ಹೇರಿ ತಿರುಗಾಟ ಮಾಡತೊಡಗಿದವು. ಹೆದ್ದಾರಿಯ ಬದಿಯಲ್ಲಿ ಗ್ಯಾರೇಜುಗಳೂ ಹುಟ್ಟಿದವು.

ಇದೇ ಹೊತ್ತಿಗೆ ಇನ್ನೊಂದು ವಸ್ತು ಮನೆಯೊಳಗೆ ಕಾಲಿಟ್ಟಿತು. 1959ರಲ್ಲಿ 'ಸರ್ಫ್' ಪುಡಿ ಭಾರತದ ಮಾರುಕಟ್ಟೆಗೆ ಬಂತು. 1969ರಲ್ಲಿ ಗುಜರಾತಿನ ಕರಸನ್‌ಭಾಯಿ ಪಟೇಲರು ಆರಂಭಿಸಿದ 'ನಿರ್ಮಾ' ಅದನ್ನು ಬಡವರ ಕೈಗೂ ಎಟಕಿಸಿತು. ಸೋಪಿನ ಪುಡಿ ಅಗ್ಗವಾದ ಮೇಲೆ ಅದು ಬಟ್ಟೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಹೊರನಾಡುಗಳಲ್ಲಿ ಇದರ ಕಷ್ಟ ಅಷ್ಟರಲ್ಲಾಗಲೇ ಗೊತ್ತಾಗಿತ್ತು. ಸುಲಭವಾಗಿ ಕೊಳೆಯದ ಡಿಟರ್ಜೆಂಟುಗಳ ನೊರೆ ಹೊಳೆಗಳ ಮೇಲೆ ಗುಡ್ಡೆಯಾಗಿ ನಿಂತದ್ದನ್ನು ಕಂಡು ಪಶ್ಚಿಮ ಜರ್ಮನಿ 1961ರಲ್ಲೇ ಅದಕ್ಕೆಂದು ಕಾಯಿದೆ ಮಾಡಿತು. ಈಗಿನ ಪುಡಿಗಳು ಅಷ್ಟು ಹಟಮಾರಿಗಳಲ್ಲ, ಕಾಲಕ್ರಮದಲ್ಲಿ ಕರಗುತ್ತವೆ. ಆದರೆ ವಾಹನ ತೊಳೆಯುವಲ್ಲಿ ಸೋಪಿನ ತೊಂದರೆ ಬೇರೆ ತೆರನಾದದ್ದು. ಎಣ್ಣೆ ನೀರಿಗಿಂತ ಹಗುರ, ಬಿಟ್ಟರೆ ಮೇಲೆ ತೇಲುತ್ತದೆ, ತೇಲಿದ್ದನ್ನು ತೆಗೆಯಬಹುದು. ಸೋಪು ಸೇರಿತೆಂದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುತ್ತದೆ. ಕೈಗಂಟಿದ ಗ್ರೀಸು ಸೋಪಿನಿಂದ ಬಿಡುವುದೂ ಇದೇ ಕಾರಣಕ್ಕೆ. ಕೈ ಬಿಟ್ಟ ಎಣ್ಣೆ ನೀರಿನ ಜತೆ ಮಣ್ಣೊಳಗೆ ಸಲೀಸಾಗಿ ಇಳಿಯುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದದ್ದು ದೇಶಕ್ಕೆಲ್ಲ ಒಂದು ತಿರುವು. ಅಲ್ಲಿಯವರೆಗೆ ಕಾರೆಂದರೆ ಡಾಕ್ಟರರದು, ಜಮೀನುದಾರರದು, ಇಲ್ಲವೆ ಬಾಡಿಗೆಯದು. ನಮ್ಮ ಕಡೆಯ ಜನ ಹೋಟೆಲು, ಬ್ಯಾಂಕು ಎಂದು ಬೆಂಗಳೂರು, ಮುಂಬಯಿ ಸೇರಿದವರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲಿನ ಮೈಯ್ಯ ಸೋದರರು ಇದೇ ಪಾರಂಪಳ್ಳಿಯವರು. ಅವರಲ್ಲಿ ಯಜ್ಞನಾರಾಯಣ ಮೈಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಅಡುಗೆಮನೆಗಳ ಶುಚಿತ್ವ ನೋಡಿ ಬಂದು ತಮ್ಮ ಹೋಟೆಲಿನ ರೀತಿಯನ್ನೇ ತಿದ್ದಿದರೆಂಬುದು ಪ್ರಸಿದ್ಧ. ಲೋಟ, ತಟ್ಟೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ನಾಡಿನಲ್ಲಿ ವಾಹನ ತೊಳೆಯುವುದಕ್ಕೆ ಮಾತ್ರ ಒಂದು ಜಾಗ ಗೊತ್ತುಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೋಣಕ್ಕೆ ಮದಗವಿತ್ತು. ಕಾರು ನೇರವಾಗಿ ಅಂಗಳಕ್ಕೆ ಬಂದು ಬಾವಿಯ ಪಕ್ಕದಲ್ಲೇ ನಿಂತಿತು, ಯಾಕೆಂದರೆ ನೀರು ಸೇದಲು ಅದೇ ಹತ್ತಿರ.

ಶೌಚದ ಗುಂಡಿಗೂ ಬಾವಿಗೂ ನಡುವೆ 15 ಮೀಟರ್ ದೂರವಿರಬೇಕೆಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಕಾರಿಗೆ ಅಂಥ ಪಾಠವಿರಲಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಎಂಬತ್ತರ ದಶಕದ ಕೊನೆಗೆ ನಮ್ಮ ಮನೆಗೊಂದು ಹಳೆಯ ಅಂಬಾಸಡರ್ ಬಂತು. ಅದರ ಇಂಜಿನ್ ಎಣ್ಣೆಯನ್ನು ನಾನೇ ಬದಲಿಸುತ್ತಿದ್ದೆ. ಒಂದು ಸಲಕ್ಕೆ ಸುಮಾರು 4 ಲೀಟರ್. ಹಳೆಯ ಎಣ್ಣೆ ಗೆದ್ದಲಿಗೆ ರಾಮಬಾಣ ಎಂದು ಊರೆಲ್ಲ ನಂಬಿದ ಕಾಲ. ಕೊಟ್ಟಿಗೆಯ ಕಂಬದ ಬುಡಕ್ಕೆ, ಬೇಲಿಯ ಗೂಟಕ್ಕೆ, ಉಳಿದದ್ದು ತೆಂಗಿನಮರದ ಆಚೆಯ ಹೊಂಡಕ್ಕೆ. ಸಿಮೆಂಟ್ ಕೆಲಸದವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿದರೆ ಅವರಿಗೂ ಕೊಡುತ್ತಿದ್ದೆ. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲೆಂದು ಲಾರಿಗಳ ಅಡಿಮೈಗೆ ಹಳೆ ಎಣ್ಣೆ, ಡೀಸೆಲ್ ಬೆರೆಸಿ ಎರಚುವುದು ಕರಾವಳಿಯಲ್ಲಿ ರೂಢಿ. ನಾನು ಕಾರಿಗೂ ಅದನ್ನೇ ಮಾಡಿದೆ. ಎರಡನೆಯ ಮಳೆಗಾಲದಲ್ಲಿ ಅಮ್ಮ ಬಾವಿಯ ನೀರಿಗೆ ಸೀಮೆಎಣ್ಣೆಯ ಘಾಟು ಬರುತ್ತದೆ ಎಂದರು. ನಾವು ಯಾರೂ ನಂಬಲಿಲ್ಲ. ಅನ್ನ ಬೆಂದಾಗ ಎಲ್ಲರಿಗೂ ಗೊತ್ತಾಯಿತು.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಖನಿಜ ತೈಲ ಲೀಟರಿಗೆ 0.5 ಮಿ.ಗ್ರಾಂ. ಮೀರಬಾರದು. 2 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದೆ ಎನ್ನಿ, ಒಟ್ಟು ಸುಮಾರು 12,500 ಲೀಟರ್. ಅಷ್ಟು ನೀರು ಆ ಮಿತಿ ಮುಟ್ಟಲು ಬೇಕಾದ ಎಣ್ಣೆ ಆರೂಕಾಲು ಗ್ರಾಂ, ಅಂದರೆ ಒಂದೂವರೆ ಚಹಾ ಚಮಚ. ಇನ್ನೊಂದು ಬದಿಯಿಂದ ನೋಡಿ. ಕಾರಿನ ತಳದಿಂದ ಐದು ನಿಮಿಷಕ್ಕೊಂದು ಹನಿ ಸೋರುತ್ತಿದ್ದರೂ ರಾತ್ರಿಯ ಹತ್ತು ಗಂಟೆಗಳಲ್ಲಿ 120 ಹನಿ, ಸುಮಾರು 6 ಮಿ.ಲೀ., ಹೆಚ್ಚುಕಡಿಮೆ ಅದೇ ಒಂದೂವರೆ ಚಮಚಕ್ಕೆ ಹತ್ತಿರ. ನೆಲಕ್ಕೆ ಬಿದ್ದದ್ದೆಲ್ಲ ಬಾವಿಗೆ ಹೋಗುವುದಿಲ್ಲ. ಮಣ್ಣು ಒಂದಷ್ಟನ್ನು ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳು ಒಂದಷ್ಟನ್ನು ತಿನ್ನುತ್ತವೆ. ಆದರೆ ಹನಿ ಒಂದು ರಾತ್ರಿಗೆ ನಿಲ್ಲುವುದೂ ಇಲ್ಲ.

ಎಣ್ಣೆಯೊಂದೇ ಅಲ್ಲ. ಬ್ರೇಕಿನ ಪುಡಿಯಲ್ಲಿ ತಾಮ್ರ, ಟಯರಿನ ಸವಕಳಿಯಲ್ಲಿ ಸತು, ಬ್ಯಾಟರಿಯಲ್ಲಿ ಆಮ್ಲ ಮತ್ತು ಸೀಸ. ರೇಡಿಯೇಟರಿಗೆ ಹಾಕುವ ಕೂಲಂಟು ರುಚಿಗೆ ಸಿಹಿ, ನೆಕ್ಕಿದ ನಾಯಿಗೆ ಮಾರಕ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದಾಗಲೆಲ್ಲ ನಗರದ ತೊರೆಗಳಲ್ಲಿ ಕೋಹೋ ಜಾತಿಯ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ಬಹಳ ವರ್ಷ ಹುಡುಕಿದ ಮೇಲೆ, 2020ರ ಡಿಸೆಂಬರಿನಲ್ಲಿ, ವಿಜ್ಞಾನಿಗಳು ಕಾರಣವನ್ನು ಪ್ರಕಟಿಸಿದರು: ಟಯರು ಒಡೆಯದಂತೆ ರಬ್ಬರಿಗೆ ಸೇರಿಸುವ ಒಂದು ರಾಸಾಯನಿಕ ಗಾಳಿಯಲ್ಲಿ ಮಾರ್ಪಟ್ಟು ಹುಟ್ಟುವ ವಸ್ತು. ನಮ್ಮ ಸೀತಾ ಹೊಳೆಯಲ್ಲಿ ಸಾಲ್ಮನ್ ಇಲ್ಲ. ಆದರೆ ಸೀತೆ, ಸ್ವರ್ಣೆಯರು ಕಡಲು ಸೇರುವ ಹಂಗಾರಕಟ್ಟೆ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಸಿಗಡಿ, ಏಡಿ, ಚಿಪ್ಪುಮೀನು ಇವೆ; ಅವು ಮರಿಮಾಡಿ ಬೆಳೆಯುವುದು ಕಾಂಡ್ಲಾ ಮರಗಳ ಬೇರಿನ ನಡುವೆ. ಹೆದ್ದಾರಿಯ ಚರಂಡಿಗಳು, ಗದ್ದೆಯ ತೋಡುಗಳು ಕೊನೆಗೆ ಹೋಗಿ ಸೇರುವುದೂ ಅಲ್ಲಿಗೇ.

ಕಾನೂನು ಏನು ಹೇಳುತ್ತದೆ? 1860ರ ಭಾರತೀಯ ದಂಡ ಸಂಹಿತೆಯ 277ನೆಯ ಕಲಮಿನಲ್ಲಿ ಸಾರ್ವಜನಿಕ ಒರತೆ ಅಥವಾ ಜಲಾಶಯದ ನೀರು ಕೆಡಿಸಿದವನಿಗೆ ಮೂರು ತಿಂಗಳವರೆಗೆ ಸೆರೆ ಇಲ್ಲವೆ 500 ರೂಪಾಯಿವರೆಗೆ ದಂಡ ಇತ್ತು. ಅದೇ 500 ರೂಪಾಯಿ ನೂರಅರವತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 279ನೆಯ ಕಲಮು ಅದನ್ನು ಆರು ತಿಂಗಳು, 5000 ರೂಪಾಯಿಗೆ ಏರಿಸಿದೆ. ಎರಡರಲ್ಲೂ ಇರುವ ಶಬ್ದ 'ಸಾರ್ವಜನಿಕ'. 1974ರ ಜಲ ಮಾಲಿನ್ಯ ಕಾಯಿದೆ ಇನ್ನೂ ಮುಂದೆ ಹೋಗಿ ಹೊಳೆ, ಬಾವಿ, ಚರಂಡಿ, ನೆಲ ಎಲ್ಲವನ್ನೂ ಹೆಸರಿಸುತ್ತದೆ. ಕರ್ನಾಟಕ ಅದನ್ನು ಮೊದಲಲ್ಲೇ ಒಪ್ಪಿಕೊಂಡ ರಾಜ್ಯಗಳಲ್ಲೊಂದು. ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪನೆಯಾಯಿತು. ಹೊಳೆಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಎಣ್ಣೆ, ಗ್ರೀಸು ಲೀಟರಿಗೆ 10 ಮಿ.ಗ್ರಾಂ. ಮೀರಬಾರದೆಂಬ ಮಿತಿ ಗ್ಯಾರೇಜಿಗೂ ಸರ್ವಿಸ್ ಸ್ಟೇಷನ್ನಿಗೂ ಅನ್ವಯಿಸುತ್ತದೆ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆಯಾಗಬೇಕೆಂಬ ನಿಯಮವೂ ಬಂದಿದೆ. ಇಷ್ಟೆಲ್ಲ ಇದ್ದರೂ ಮನೆಯ ಗೇಟಿನೊಳಗೆ ಬಂದು ನೋಡುವ ಇನ್ಸ್‌ಪೆಕ್ಟರ್ ಇಲ್ಲ, ಬರಬೇಕೆಂದು ನಾನು ಬಯಸುವುದೂ ಇಲ್ಲ. ಜರ್ಮನಿಯ ಹೆಚ್ಚಿನ ಊರುಗಳಲ್ಲಿ ಮನೆಯ ಮುಂದಿನ ಮಣ್ಣುನೆಲದಲ್ಲಿ ಕಾರು ತೊಳೆಯುವಂತಿಲ್ಲ. ಬೆಂಗಳೂರಿನ ಜಲಮಂಡಳಿ 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಅದು ನೀರಿನ ಅಭಾವದ ಆಜ್ಞೆ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ದೊಡ್ಡ ವಿಷಯವೇನಲ್ಲ. ರಾತ್ರಿ ಕಾರಿನಡಿಗೆ ಒಂದು ಹಳೆಯ ರಟ್ಟು ಹಾಸಿದರೆ ಬೆಳಿಗ್ಗೆ ಸೋರುವುದು ಎಲ್ಲಿಂದ ಎಂದು ತಿಳಿಯುತ್ತದೆ. ಕಪ್ಪು ಕಂದಾದರೆ ಇಂಜಿನ್ ಎಣ್ಣೆ, ಕೆಂಪಾದರೆ ಗೇರಿನ ಇಲ್ಲವೆ ಸ್ಟಿಯರಿಂಗಿನ ಎಣ್ಣೆ ಇರಬಹುದು, ಹಸಿರಾದರೆ ಕೂಲಂಟು. ಐವತ್ತು ರೂಪಾಯಿಯ ವಾಷರು ಹಾಕಿಸುವುದನ್ನು ಮುಂದೂಡುವುದರಲ್ಲಿ ಉಳಿತಾಯವಿಲ್ಲ. ಬಳಸಿದ ಎಣ್ಣೆಯನ್ನು ಮುಚ್ಚಳದ ಕ್ಯಾನಿಗೆ ತುಂಬಿಸಿ, ಸಂಗ್ರಹಿಸುವವರಿಗೆ ಕೊಡುವ ವ್ಯವಸ್ಥೆಯಿರುವ ಗ್ಯಾರೇಜಿಗೆ ಒಪ್ಪಿಸಬೇಕು. ಇಂಜಿನ್ ಮತ್ತು ತಳಭಾಗವನ್ನು ಮನೆಯಲ್ಲಿ ತೊಳೆಯಲೇಬಾರದು. ಎಣ್ಣೆ ಬೇರ್ಪಡಿಸುವ ಮೂರು ಕೋಣೆಯ ತೊಟ್ಟಿ ಇರುವ ಸರ್ವಿಸ್ ಸ್ಟೇಷನ್ನೇ ಅದಕ್ಕೆ ಸರಿ. ತೊಟ್ಟಿ ಇದೆಯೇ, ಅದರ ಮೇಲೆ ತೇಲಿದ್ದನ್ನು ತೆಗೆಯುತ್ತಾರೆಯೇ ಎಂದು ಕೇಳಿದರೆ ಯಾರೂ ಬೇಸರಪಡಬೇಕಾಗಿಲ್ಲ. ಹೊರಮೈಗೆ ಎರಡು ಬಕೆಟ್ಟು ನೀರು, ಒಂದು ಒದ್ದೆಬಟ್ಟೆ ಸಾಕು. ಕೊಳವೆಯಲ್ಲಿ ನಿಮಿಷಕ್ಕೆ ಹತ್ತು ಲೀಟರಿನಂತೆ ಕಾಲು ಗಂಟೆ ಬಿಟ್ಟರೆ 150 ಲೀಟರ್ ಹೋಗುತ್ತದೆ. ನೀರು ಹೆಚ್ಚಿದಷ್ಟೂ ಕೊಳೆ ಆಳಕ್ಕೆ ಇಳಿಯುತ್ತದೆ. ಹುಲ್ಲು ಬೆಳೆದ, ಬಾವಿಗೆ ಇಳಿಮುಖವಲ್ಲದ ಜಾಗ ನೋಡಿಕೊಂಡರೆ ಉತ್ತಮ.

ನಮ್ಮ ಬಾವಿಯನ್ನು ಬೇಸಗೆಯಲ್ಲಿ ಬರಿದು ಮಾಡಿಸಿ ಕೆಸರೆತ್ತಿಸಿದೆವು. ಹೊಂಡದ ಕಪ್ಪು ಮಣ್ಣನ್ನು ಮೊಳದಾಳ ಅಗೆದು ತೆಗೆಸಿದೆವು. ಆದರೂ ಎರಡು ಮಳೆಗಾಲ ಕುಡಿಯುವ ನೀರನ್ನು ನೆರೆಮನೆಯಿಂದ ಹೊತ್ತು ತಂದೆವು. ಹೊತ್ತವರು ಹೆಚ್ಚಾಗಿ ಅಮ್ಮನೇ. ಆಮೇಲೆ ನೀರು ಸರಿಹೋಯಿತು ಎಂದು ನಾವೆಲ್ಲ ಹೇಳಿದೆವು. ಅಮ್ಮ ಮಾತ್ರ ಸೇದಿದ ಮೊದಲ ಕೊಡಪಾನವನ್ನು ಬಾವಿಕಟ್ಟೆಯ ಮೇಲಿಟ್ಟು, ಬಗ್ಗಿ ಮೂಸಿ ನೋಡಿ, ಆಮೇಲೆ ಒಳಗೆ ತರುವ ಅಭ್ಯಾಸವನ್ನು ಕೊನೆಯವರೆಗೂ ಬಿಡಲಿಲ್ಲ.